ಕುಸ್ತಿಪಟುವಿನ ಕನಿಷ್ಠ ತೂಕ: ಒಂದು ಮಾಪನಪದ್ಧತಿಯ ವಿಮರ್ಶೆ

ಕುಸ್ತಿಯಾಡುವ ತರುಣನು ಯಾವ ತೂಕದವರೆಗೆ ಇಳಿದರೆ ಅವನ ದೇಹಕ್ಕೆ ಕೇಡಿಲ್ಲ ಎಂಬುದನ್ನು ಪಂದ್ಯಗಳ ಋತು ಆರಂಭವಾಗುವ ಮುನ್ನವೇ ಅಳೆದು ಗೊತ್ತುಮಾಡಿ, ಆ ಎಲ್ಲೆಗಿಂತ ಕೆಳಗಿನ ವರ್ಗದಲ್ಲಿ ಅವನನ್ನು ಸ್ಪರ್ಧಿಸಲು ಬಿಡದಿರುವ ಪದ್ಧತಿಯೊಂದು ಅಮೆರಿಕದ ಕಾಲೇಜುಗಳಲ್ಲಿ 1998ರಿಂದ ಆಚರಣೆಯಲ್ಲಿದೆ. ದೇಹದಲ್ಲಿ ಕೊಬ್ಬು ಎಷ್ಟು, ಉಳಿದ ಭಾಗ ಎಷ್ಟು, ಅಳೆಯುವ ಹೊತ್ತಿಗೆ ದೇಹದಲ್ಲಿ ನೀರು ಸಾಕಷ್ಟಿದೆಯೇ ಎಂಬ ಮೂರು ಪ್ರಶ್ನೆಗಳಿಗೆ ಉತ್ತರವನ್ನು ಪಡೆದು ಅದರಿಂದ ಒಂದು ಕನಿಷ್ಠ ತೂಕವನ್ನು ಲೆಕ್ಕಹಾಕುವುದು ಇದರ ಸಾರ. ವ್ಯಾಯಾಮಶಿಕ್ಷಣವನ್ನು ಬೋಧಿಸುವ ನಮ್ಮಂಥವರು ಈ ಪದ್ಧತಿಯನ್ನು ವಿದ್ಯಾರ್ಥಿಗಳಿಗೆ ಹೇಳುವಾಗ ಸಾಮಾನ್ಯವಾಗಿ ಮೆಚ್ಚಿ ಹೇಳುತ್ತೇವೆ. ಮೆಚ್ಚತಕ್ಕದ್ದು ಅದರಲ್ಲಿ ಬಹಳವಿದೆ. ಆದರೆ ಒಂದು ದೇಶದಲ್ಲಿ, ಒಂದು ಬಗೆಯ ದೇಹಗಳ ಮೇಲೆ, ಒಂದು ಬಗೆಯ ಅಪಾಯವನ್ನು ತಡೆಯುವುದಕ್ಕಾಗಿ ಹುಟ್ಟಿದ ಸೂತ್ರವು ಶಿಡ್ಲಘಟ್ಟ ತಾಲ್ಲೂಕಿನ ದಿಬ್ಬೂರಹಳ್ಳಿಯಂಥ ಊರಿನಿಂದ ಕಾಲೇಜಿಗೆ ಬರುವ ಹುಡುಗನಿಗೆ ಹಾಗೆ ಹಾಗೆಯೇ ಒಪ್ಪುತ್ತದೆಯೇ ಎಂಬುದನ್ನು ಕೇಳಿ ನೋಡಬೇಕು. ಪ್ರಸ್ತುತ ಲೇಖನದ ಉದ್ದೇಶ ಅಷ್ಟೆ.

ಮೊದಲು ಒಂದು ಮಾತನ್ನು ಸ್ಪಷ್ಟಪಡಿಸುವುದು ಅಗತ್ಯ. ತೂಕ ಇಳಿಸುವ ಈ ರೋಗ ನಮ್ಮ ನಾಡಕುಸ್ತಿಯದಲ್ಲ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು ಕ್ರಿ. ಶ. 1130ರ ಸುಮಾರಿನಲ್ಲಿ ಸಂಸ್ಕೃತದಲ್ಲಿ ರಚಿಸಿದ ‘ಮಾನಸೋಲ್ಲಾಸ’ದ ಮಲ್ಲವಿನೋದ ಪ್ರಕರಣದಲ್ಲಿ ಮಲ್ಲರನ್ನು ವಯಸ್ಸು, ದೇಹಪ್ರಮಾಣ, ಬಲ ಇವುಗಳ ಆಧಾರದ ಮೇಲೆ ವಿಂಗಡಿಸಿ ಜ್ಯೇಷ್ಠಿಕ ಮೊದಲಾದ ಹೆಸರುಗಳನ್ನು ಕೊಟ್ಟಿದೆ, ಅವರಿಗೆ ಆಹಾರವನ್ನು ಒದಗಿಸಿ ಪೋಷಿಸುವ ಕ್ರಮವನ್ನೂ ಹೇಳಿದೆ. ನಮ್ಮ ‘ಜಟ್ಟಿ’ ಎಂಬ ಮಾತಿನ ಮೂಲವನ್ನು ಈ ಬಳಗದ ಶಬ್ದಗಳಲ್ಲಿಯೇ ಹುಡುಕುತ್ತಾರೆ. ಅಲ್ಲಿ ವರ್ಗೀಕರಣವಿದೆ, ಆದರೆ ತಕ್ಕಡಿಯಿಲ್ಲ. ಮೈಸೂರು ದಸರೆಯ ನಾಡಕುಸ್ತಿಗೆ ಇಂದಿಗೂ ಮುಂಚಿತವಾಗಿ ಜೋಡಿ ಕಟ್ಟುವ ವಾಡಿಕೆ ಉಂಟಷ್ಟೆ. ಹಿರಿಯ ಉಸ್ತಾದರು ಪೈಲ್ವಾನರ ಮೈಕಟ್ಟನ್ನೂ ಹಿಂದಿನ ಆಟವನ್ನೂ ನೋಡಿ ಸಮಸಮನಾದವರನ್ನು ಎದುರುಬದುರು ನಿಲ್ಲಿಸುತ್ತಾರೆ. ಕಣ್ಣಳತೆಯಲ್ಲಿ ತಪ್ಪಾಗಬಹುದು, ಪಕ್ಷಪಾತವೂ ನುಸುಳಬಹುದು. ಆದರೂ ಆ ವ್ಯವಸ್ಥೆಯಲ್ಲಿ ಹಿಂದಿನ ರಾತ್ರಿ ನೀರು ಬಿಟ್ಟು ಒಂದು ಕಿಲೋ ಕಡಿಮೆಯಾದವನಿಗೆ ಯಾವ ಲಾಭವೂ ಇಲ್ಲ. ಗರಡಿಮನೆಯ ಹಂಬಲವೆಲ್ಲ ಮೈ ತುಂಬಿಕೊಳ್ಳುವ ಕಡೆಗೆ: ಹಾಲು, ತುಪ್ಪ, ಬಾದಾಮಿ, ಸಾವಿರ ಬಸ್ಕಿ. ಅಲ್ಲಿಯ ಪೈಲ್ವಾನನಿಗೆ ಕಾಡುವ ತೊಂದರೆ ಏನಿದ್ದರೂ ಅತಿಯಾದ ಮೈಯದೇ ಹೊರತು ಬತ್ತಿದ ಮೈಯದಲ್ಲ.

ತೂಕದ ವರ್ಗಗಳು ಬಂದುದು ಬೇರೆ ದಾರಿಯಿಂದ. 1896ರ ಅಥೆನ್ಸ್ ಒಲಿಂಪಿಕ್ಸಿನಲ್ಲಿ ಕುಸ್ತಿಗೆ ವರ್ಗಭೇದವೇ ಇರಲಿಲ್ಲ. 1904ರ ಸೇಂಟ್ ಲೂಯಿಸ್ ಕೂಟದಲ್ಲಿ ವರ್ಗಗಳು ಕಾಣಿಸಿಕೊಂಡವು. ಚಿಕ್ಕ ದೇಹದವನಿಗೂ ನ್ಯಾಯ ದೊರೆಯಲಿ ಎಂಬ ಸದುದ್ದೇಶವೇ ಅದಕ್ಕೆ ಕಾರಣ, ಮತ್ತು ಆ ನ್ಯಾಯ ನಮಗೂ ದೊರೆತಿದೆ: 1952ರಲ್ಲಿ ಹೆಲ್ಸಿಂಕಿಯಲ್ಲಿ ಖಾಶಾಬಾ ಜಾಧವ್ ಅವರು ಕಂಚಿನ ಪದಕವನ್ನು ಗೆದ್ದುದು ಹಗುರ ತೂಕದ ಬ್ಯಾಂಟಮ್ ವರ್ಗದಲ್ಲಿ. ಆದರೆ ಗೆರೆಯನ್ನು ಎಳೆದ ದಿನವೇ ಗೆರೆಯ ಕೆಳಗೆ ನುಸುಳುವ ಉಪಾಯವೂ ಹುಟ್ಟಿತು. ತನಗಿಂತ ಚಿಕ್ಕವನೊಡನೆ ಸೆಣಸುವ ಆಸೆಯಿಂದ ಪಟುವು ತೂಕ ನೋಡುವ ಗಳಿಗೆಗೆ ಸರಿಯಾಗಿ ಹಗುರಾಗಲು ಕಲಿತನು. ಬೇಗ ಹಗುರಾಗಲು ಕೊಬ್ಬು ಕರಗಿಸುವುದು ಸಾಧ್ಯವಿಲ್ಲ. ಒಂದೆರಡು ದಿನದಲ್ಲಿ ಇಳಿಯುವುದು ನೀರೊಂದೇ. ಊಟ ಬಿಡುವುದು, ನೀರು ಬಿಡುವುದು, ಬಿಸಿಲಿನಲ್ಲಿ ಸ್ವೆಟರು ತೊಟ್ಟು, ಕೆಲವೊಮ್ಮೆ ಪ್ಲಾಸ್ಟಿಕ್ ಹಾಳೆ ಸುತ್ತಿಕೊಂಡು ಓಡುವುದು, ಉಗುಳುತ್ತ ಕೂರುವುದು ಇವೆಲ್ಲ ನೀರನ್ನು ಕಳೆಯುವ ದಾರಿಗಳು. ನೀರು ಕಳೆದಂತೆ ರಕ್ತದ ಪ್ರಮಾಣ ಕುಗ್ಗುತ್ತದೆ, ಹೃದಯ ಹೆಚ್ಚು ವೇಗವಾಗಿ ಬಡಿಯಬೇಕಾಗುತ್ತದೆ, ಬೆವರಿನ ಮೂಲಕ ಶಾಖವನ್ನು ಹೊರಹಾಕುವ ಶಕ್ತಿ ಕುಂದುತ್ತದೆ. ಬೆವರಲೆಂದೇ ಕಾಯಿಸಿದ ದೇಹವು ಬೆವರಲಾರದ ಸ್ಥಿತಿಗೆ ಬಂದಾಗ ಒಳಗಿನ ಉಷ್ಣ ಏರಿ ಪ್ರಾಣಾಪಾಯವಾಗುತ್ತದೆ.

ಈ ಅಪಾಯ ತಜ್ಞರಿಗೆ ಮೊದಲಿನಿಂದ ತಿಳಿಯದುದೇನಲ್ಲ. 1970ರಲ್ಲಿ ಪ್ರಕಟವಾದ ಐಯೋವಾದ ಅಧ್ಯಯನದಲ್ಲಿ ಟಿಪ್ಟನ್ ಮತ್ತು ಚೆಂಗ್ ಎಂಬವರು, ಅಲ್ಲಿಯ ಪ್ರೌಢಶಾಲೆಯ ಹುಡುಗರು ತಮ್ಮ ತೂಕದ ಶೇಕಡ 5ರಷ್ಟನ್ನು ಕಳೆದುಕೊಳ್ಳುತ್ತಾರೆಂದೂ ಅದರ ಹೆಚ್ಚಿನ ಪಾಲು ಕೊನೆಯ ಹತ್ತು ದಿನಗಳಲ್ಲಿ ಹೋಗುತ್ತದೆಂದೂ ತೋರಿಸಿದರು. 1976ರಲ್ಲಿ ಅಮೆರಿಕದ ಕ್ರೀಡಾವೈದ್ಯ ಪರಿಷತ್ತು ಇದನ್ನು ಖಂಡಿಸಿ ಹೇಳಿಕೆ ನೀಡಿತು. ವಿಸ್ಕಾನ್ಸಿನ್ ರಾಜ್ಯದ ಪ್ರೌಢಶಾಲೆಗಳು 1989ರಿಂದ ಕನಿಷ್ಠ ತೂಕದ ಯೋಜನೆಯನ್ನು ಕೈಗೊಂಡವು. ಉಳಿದ ಕಡೆ ಉಪದೇಶ ಉಪದೇಶವಾಗಿಯೇ ಉಳಿಯಿತು. 1997ರ ನವೆಂಬರ್ ಮತ್ತು ಡಿಸೆಂಬರ್ ತಿಂಗಳುಗಳಲ್ಲಿ, ಐದು ವಾರಗಳೊಳಗೆ, ಉತ್ತರ ಕೆರೊಲಿನಾ, ವಿಸ್ಕಾನ್ಸಿನ್, ಮಿಷಿಗನ್ ರಾಜ್ಯಗಳ ಮೂವರು ಕಾಲೇಜು ಕುಸ್ತಿಪಟುಗಳು ತೂಕ ಇಳಿಸುವ ಪ್ರಯತ್ನದಲ್ಲಿಯೇ ತೀರಿಕೊಂಡರು. ಮೂವರೂ ಗಾಳಿಯಾಡದ ಉಡುಪು ತೊಟ್ಟು ಬಿಸಿಯಾದ ಕೋಣೆಗಳಲ್ಲಿ ಕಠಿಣವಾದ ವ್ಯಾಯಾಮ ಮಾಡುತ್ತಿದ್ದರು. ಆ ಬಳಿಕ ಅಲ್ಲಿಯ ಕಾಲೇಜು ಕ್ರೀಡೆಗಳ ರಾಷ್ಟ್ರೀಯ ಸಂಘವು ರಬ್ಬರ್ ಉಡುಪು, ಉಗಿಕೋಣೆ, ಮೂತ್ರವರ್ಧಕ ಔಷಧಿಗಳನ್ನು ನಿಷೇಧಿಸಿ ನಾವಿಲ್ಲಿ ವಿಮರ್ಶಿಸುತ್ತಿರುವ ನಿಯಮವನ್ನು ಕಡ್ಡಾಯಮಾಡಿತು. ಇಪ್ಪತ್ತೆಂಟು ವರ್ಷಗಳ ಪ್ರಬಂಧಗಳಿಂದ ಆಗದ ಕೆಲಸ ಮೂರು ಸಾವುಗಳಿಂದ ಆಯಿತೆಂಬುದು ಸಂಶೋಧನ ಸಂಚಿಕೆಯೊಂದರಲ್ಲಿ ಬರೆಯಲು ಹಿತವಾದ ಮಾತಲ್ಲ.

ನಿಯಮದ ಸ್ವರೂಪವನ್ನು ಈಗ ನೋಡೋಣ. ಕಾಲೇಜಿನ ಪಟುವಿನ ಕನಿಷ್ಠ ತೂಕವೆಂದರೆ ಅವನ ದೇಹದಲ್ಲಿ ಶೇಕಡ 5ರಷ್ಟು ಕೊಬ್ಬು ಉಳಿದಾಗ ಇರತಕ್ಕ ತೂಕ. ಪ್ರೌಢಶಾಲೆಗಳಿಗೆ 2006ರಿಂದ ಅನ್ವಯವಾದ ನಿಯಮದಲ್ಲಿ ಹುಡುಗರಿಗೆ ಶೇಕಡ 7, ಹುಡುಗಿಯರಿಗೆ ಶೇಕಡ 12. ವಾರಕ್ಕೆ ತೂಕದ ಶೇಕಡ ಒಂದೂವರೆಗಿಂತ ಹೆಚ್ಚು ಇಳಿಯಬಾರದು. ಅಳೆಯುವ ಮೊದಲು ಮೂತ್ರದ ಸಾಪೇಕ್ಷ ಸಾಂದ್ರತೆಯನ್ನು ಪರೀಕ್ಷಿಸಬೇಕು. ಕಾಲೇಜಿನಲ್ಲಿ ಅದು 1.020ನ್ನೂ ಪ್ರೌಢಶಾಲೆಯಲ್ಲಿ 1.025ನ್ನೂ ಮೀರಿದ್ದರೆ ಅಂದು ಅಳತೆಯೇ ಇಲ್ಲ.

ಶಿಡ್ಲಘಟ್ಟದ ಗೂಡಿನ ಮಾರುಕಟ್ಟೆಯನ್ನು ಕಂಡವರಿಗೆ ಇದರ ತತ್ತ್ವವನ್ನು ವಿವರಿಸುವುದು ಕಷ್ಟವಲ್ಲ. ಗೂಡನ್ನು ತೂಗಿಯೇ ಮಾರುತ್ತಾರೆ. ಆದರೆ ರೀಲರನಿಗೆ ಬೇಕಾದುದು ತೂಕವಲ್ಲ, ಅದರೊಳಗಿನ ನೂಲು. ಒಂದು ಕಿಲೋ ಕಚ್ಚಾ ರೇಷ್ಮೆಗೆ ಎಷ್ಟು ಕಿಲೋ ಗೂಡು ಬೇಕೆಂಬ ‘ರೆಂಡಿಟ್ಟ’ದ ಲೆಕ್ಕವು, ತೂಕದಲ್ಲಿ ಹುಳುವೆಷ್ಟು, ತೇವವೆಷ್ಟು, ಸಿಪ್ಪೆಯೆಷ್ಟು ಎಂಬುದರ ಲೆಕ್ಕವೇ. ದೇಹಸಂಯೋಜನೆಯ ಶಾಸ್ತ್ರವೂ ಹೀಗೆ ತೂಕವೆಂಬ ಒಂದು ಅಂಕಿಯನ್ನು ಒಡೆದು ನೋಡುವ ಪ್ರಯತ್ನ. ವ್ಯತ್ಯಾಸವಿಷ್ಟೆ: ಗೂಡನ್ನು ಕತ್ತರಿಸಿ ನೋಡಬಹುದು, ಮನುಷ್ಯನನ್ನು ಕತ್ತರಿಸಲಾಗದು, ಆದುದರಿಂದ ಹೊರಗಿನಿಂದ ಊಹಿಸಬೇಕು. ಊಹೆಯ ಮೂಲಾಧಾರ ಆರ್ಕಿಮಿಡೀಸನ ತತ್ತ್ವ. ಕೊಬ್ಬಿನ ಸಾಂದ್ರತೆ ಸುಮಾರು 0.90, ಕೊಬ್ಬುರಹಿತ ಭಾಗದ್ದು ಸುಮಾರು 1.10 ಎಂದು ಇಟ್ಟುಕೊಂಡರೆ, ಮನುಷ್ಯನನ್ನು ನೀರಿನಲ್ಲಿ ಮುಳುಗಿಸಿ ತೂಗಿ ಅವನ ಒಟ್ಟು ಸಾಂದ್ರತೆಯನ್ನು ತಿಳಿದು, ಅದರಿಂದ ಕೊಬ್ಬಿನ ಪಾಲನ್ನು ಗಣಿಸಬಹುದು. ಬೆಂಕೆ ಮತ್ತು ಸಂಗಡಿಗರು 1942ರಲ್ಲಿ ಅಮೆರಿಕದ ನೌಕಾದಳದವರ ಮೇಲೆ ಮಾಡಿದ ಕೆಲಸದಿಂದ ಈ ದಾರಿ ತೆರೆಯಿತು. ಸಿರಿ, ಬ್ರೋಜೆಕ್ ಮೊದಲಾದವರು 1950 ಮತ್ತು 60ರ ದಶಕಗಳಲ್ಲಿ ಅದನ್ನು ಸಮೀಕರಣಗಳಾಗಿ ಪಳಗಿಸಿದರು. ಊರೂರಿಗೆ ತೊಟ್ಟಿಯನ್ನು ಒಯ್ಯಲಾಗದೆಂದು ಚರ್ಮದ ಮಡಿಕೆಯನ್ನು ಕ್ಯಾಲಿಪರಿನಿಂದ ಹಿಡಿದು ಅಳೆದು ಸಾಂದ್ರತೆಯನ್ನು ಊಹಿಸುವ ಸುಲಭೋಪಾಯ ಬಂದಿತು. ಕುಸ್ತಿಪಟುಗಳಿಗೆ ಬಳಸುವುದು ಲೋಹ್ಮನ್ ಎಂಬವರ ಸಮೀಕರಣ. ತೋಳಿನ ಹಿಂಭಾಗ, ಹೆಗಲಮೂಳೆಯ ಕೆಳತುದಿ, ಹೊಕ್ಕುಳಿನ ಪಕ್ಕ ಈ ಮೂರು ಕಡೆಯ ಮಡಿಕೆಗಳ ಮೊತ್ತವನ್ನು 0.000815ರಿಂದ ಗುಣಿಸಿ 1.0973ರಿಂದ ಕಳೆದು, ಮೊತ್ತದ ವರ್ಗವನ್ನು 0.00000084ರಿಂದ ಗುಣಿಸಿ ಕೂಡಿಸಿದರೆ ಸಾಂದ್ರತೆ. 4.57ನ್ನು ಆ ಸಾಂದ್ರತೆಯಿಂದ ಭಾಗಿಸಿ, 4.142ನ್ನು ಕಳೆದು, ನೂರರಿಂದ ಗುಣಿಸಿದರೆ ಶೇಕಡ ಕೊಬ್ಬು.

ವಿದ್ಯಾರ್ಥಿಗಳ ಅನುಕೂಲಕ್ಕಾಗಿ ಒಂದು ಕಲ್ಪಿತ ಉದಾಹರಣೆಯನ್ನು ಮಾಡಿ ನೋಡೋಣ. ಹದಿನಾರು ವರ್ಷದ ಹುಡುಗ, 52 ಕಿಲೋ, ಮೂರು ಮಡಿಕೆಗಳ ಮೊತ್ತ 26 ಮಿಲಿಮೀಟರ್. ಸಾಂದ್ರತೆ 1.0767, ಕೊಬ್ಬು ಶೇಕಡ 10.25. ಅಂದರೆ ಕೊಬ್ಬುರಹಿತ ಭಾಗ 46.7 ಕಿಲೋ, ಅದನ್ನು 0.93ರಿಂದ ಭಾಗಿಸಿದರೆ ಕನಿಷ್ಠ ತೂಕ 50.2 ಕಿಲೋ. ಹದಿನೇಳರೊಳಗಿನ ಹುಡುಗರಿಗೆ ವಿಶ್ವ ಕುಸ್ತಿ ಒಕ್ಕೂಟದ ವರ್ಗಗಳಲ್ಲಿ 48, 51, 55 ಎಂಬವು ಇವೆ. ನಮ್ಮ ಹುಡುಗ 51ಕ್ಕೆ ಇಳಿಯಬಹುದು. 48 ಅವನಿಗೆ ಮುಚ್ಚಿದ ಬಾಗಿಲು.

ನೀರಿನ ಪರೀಕ್ಷೆ ಇಲ್ಲದಿದ್ದರೆ ಏನಾಗುತ್ತಿತ್ತು? ಇದೇ ಹುಡುಗ ಅಳತೆಯ ದಿನ ಬೆಳಿಗ್ಗೆ ಎರಡು ಕಿಲೋ ಬೆವರಿ 50 ಕಿಲೋ ಆಗಿ ಬಂದನೆನ್ನಿ. ಚರ್ಮದ ಮಡಿಕೆ ಅಷ್ಟರಿಂದ ಬಹಳ ಬದಲಾಗದು. ಶೇಕಡ ಕೊಬ್ಬು ಅದೇ 10.25. ಕನಿಷ್ಠ ತೂಕ ಮಾತ್ರ 48.25ಕ್ಕೆ ಇಳಿಯುತ್ತದೆ. ಇನ್ನು ಮುನ್ನೂರು ಗ್ರಾಂ ಬೆವರಿದ್ದರೆ 48ರ ಬಾಗಿಲು ತೆರೆದೇಬಿಡುತ್ತಿತ್ತು. ದೇಹದಲ್ಲಿ ಹರಿಯುವ ವಿದ್ಯುತ್ತಿಗೆ ಉಂಟಾಗುವ ತಡೆಯಿಂದ ಕೊಬ್ಬನ್ನು ಹೇಳುವ ಯಂತ್ರಗಳು ಈಗ ಪೇಟೆಯ ವ್ಯಾಯಾಮಶಾಲೆಗಳಲ್ಲಿ ಕಾಣಸಿಗುತ್ತವೆ. ಅವುಗಳಲ್ಲಿ ಈ ದೋಷ ಇಮ್ಮಡಿ. ನೀರು ಕಡಿಮೆಯಾದರೆ ತಡೆ ಹೆಚ್ಚುತ್ತದೆ, ಯಂತ್ರ ಅದನ್ನು ಕೊಬ್ಬೆಂದು ತಿಳಿಯುತ್ತದೆ, ಕನಿಷ್ಠ ತೂಕವನ್ನು ಮತ್ತಷ್ಟು ಕೆಳಗೆ ತೋರಿಸುತ್ತದೆ. ಬತ್ತಿಸಿಕೊಂಡು ಬಂದವನಿಗೆ ಇನ್ನೂ ಬತ್ತಲು ಅಪ್ಪಣೆ ದೊರೆತಂತಾಯಿತು. ಎರಡು ಅಳತೆಗಳನ್ನು ಒಂದಕ್ಕೊಂದು ಬಿಗಿದು ಕಟ್ಟಿದ್ದೇ ಈ ನಿಯಮದ ನಿಜವಾದ ಬುದ್ಧಿವಂತಿಕೆ. ಅನುಕರಿಸುವವರು ಮೊದಲು ಬಿಡುವುದೂ ಇದನ್ನೇ ಎಂಬ ಭಯವುಂಟು. ಕ್ಯಾಲಿಪರನ್ನು ಹಿಡಿಯಲು ಒಪ್ಪುವವರು ಮೂತ್ರದ ಬಟ್ಟಲನ್ನು ಹಿಡಿಯಲು ಮುಜುಗರಪಡುತ್ತಾರೆ.

ಆದರೂ ಈ ಮೂತ್ರಪರೀಕ್ಷೆಯನ್ನು ಅತಿಯಾಗಿ ನಂಬುವಂತಿಲ್ಲ. ದೇಹದ ನೀರು ವೇಗವಾಗಿ ಕಡಿಮೆಯಾಗುವಾಗ ಮೂತ್ರದ ಸಾಂದ್ರತೆ ಹಿಂದೆ ಬೀಳುತ್ತದೆ. ಮೈ ಬತ್ತಿದ ಮೇಲೆ ಒಂದೆರಡು ತಂಬಿಗೆ ನೀರನ್ನು ಒಟ್ಟಿಗೆ ಕುಡಿದರೆ, ದೇಹದ ಕೋಶಗಳಿಗೆ ನೀರು ತಲಪುವ ಮುನ್ನವೇ ಮೂತ್ರ ತಿಳಿಯಾಗಿಬಿಡುತ್ತದೆ. ಹೀಗೆ ಪರೀಕ್ಷೆಯನ್ನು ಗೆಲ್ಲುವ ವಿದ್ಯೆ ಪರೀಕ್ಷೆಯ ಜೊತೆಯಲ್ಲೇ ಬೆಳೆಯಿತು. ಇದಕ್ಕೆ ಎದುರಾದ ತಪ್ಪೂ ಸಾಧ್ಯ. ಚಿಕ್ಕಬಳ್ಳಾಪುರ ಜಿಲ್ಲೆಯಲ್ಲಿ ವರ್ಷವಿಡೀ ಹರಿಯುವ ಹೊಳೆಯಿಲ್ಲ. ಅನೇಕ ಕಡೆ ಕೊಳವೆಬಾವಿಯ ನೀರಿನಲ್ಲಿ ಫ್ಲೋರೈಡು ಮಿಕ್ಕಿದೆ. ಶುದ್ಧೀಕರಿಸಿದ ನೀರನ್ನು ಕ್ಯಾನಿನಲ್ಲಿ ಹೊತ್ತು ತರುವ ಮನೆಯ ಹುಡುಗನು ಬೇಸಗೆಯ ಬೆಳಿಗ್ಗೆ ಬಸ್ಸಿಳಿದು ಬಂದಾಗ, ಯಾವ ಕಪಟವೂ ಇಲ್ಲದೆ, ಅವನ ಮೂತ್ರ 1.025ನ್ನು ಮೀರಿದ್ದರೆ ಆಶ್ಚರ್ಯವಿಲ್ಲ. ಅವನನ್ನು ಮೋಸಗಾರನೆಂದು ಹಿಂದಕ್ಕೆ ಕಳಿಸುವುದಕ್ಕಿಂತ ನೀರು ಕೊಟ್ಟು ಮರುದಿನ ಬರಹೇಳುವುದು ಯುಕ್ತ. ಮೂಲನಿಯಮದಲ್ಲಿಯೂ ಮರುಪರೀಕ್ಷೆಗೆ ಎಡೆಯುಂಟು.

ಇನ್ನು ಸಮೀಕರಣದ ಮಾತು. ಮೇಲಿನ ಉದಾಹರಣೆಯಲ್ಲಿ ಅಳೆಯುವವನ ಕೈ ನಾಲ್ಕು ಮಿಲಿಮೀಟರ್ ತಪ್ಪಿ ಮೊತ್ತ 30 ಎಂದು ಬಂದರೆ ಕನಿಷ್ಠ ತೂಕ 50.2ರಿಂದ 49.5ಕ್ಕೆ ಸರಿಯುತ್ತದೆ. ಇದು ಕೈಚಳಕದ ತಪ್ಪು, ಅಭ್ಯಾಸದಿಂದ ತಿದ್ದಬಹುದು. ತಿದ್ದಲು ಕಠಿಣವಾದುದು ಸಮೀಕರಣದ ಒಳಗೇ ಕುಳಿತಿರುವ ಊಹೆಗಳು. ಕೊಬ್ಬುರಹಿತ ದೇಹದಲ್ಲಿ ನೀರು ಶೇಕಡ 73ರಷ್ಟಿರುತ್ತದೆಂಬ ಪ್ರಸಿದ್ಧ ಅಂಕಿ ಬಂದುದು 1945ರಲ್ಲಿ ಪೇಸ್ ಮತ್ತು ರಾಥ್‌ಬನ್ ಎಂಬವರು ಗಿನಿಯಿಲಿಗಳ ಮೇಲೆ ಮಾಡಿದ ವಿಶ್ಲೇಷಣೆಯಿಂದ. ಬೆಳೆಯುವ ಮಕ್ಕಳಲ್ಲಿ ನೀರಿನ ಪಾಲು ದೊಡ್ಡವರಿಗಿಂತ ಹೆಚ್ಚು, ಮೂಳೆಯ ಖನಿಜ ಕಡಿಮೆ, ಆದುದರಿಂದ 1.10 ಎಂಬ ಸಾಂದ್ರತೆ ಅವರಿಗೆ ಸ್ವಲ್ಪ ಅಧಿಕವೇ. ಕುಸ್ತಿಯ ಹುಡುಗರಲ್ಲಿ ಲೋಹ್ಮನ್ ಸಮೀಕರಣವನ್ನು ಒರೆಗೆ ಹಚ್ಚಿ ಒಪ್ಪಿದ ಅಧ್ಯಯನ 1991ರಲ್ಲಿ ಪ್ರಕಟವಾಯಿತು. ಅಲ್ಲಿ ಅಳೆದುದು ಅಮೆರಿಕದ ಮಧ್ಯಪಶ್ಚಿಮ ರಾಜ್ಯಗಳ ಹುಡುಗರನ್ನು, ಜೋಳ ಮತ್ತು ದನದ ಮಾಂಸದ ಸೀಮೆಯವರನ್ನು.

ನಮ್ಮ ದೇಹಗಳು ಬೇರೆಯೆಂಬುದಕ್ಕೆ ದೂರದ ಸಾಕ್ಷ್ಯ ಬೇಡ. ಮೈಸೂರಿನ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯಲ್ಲಿ 1997-98ರಲ್ಲಿ ಹುಟ್ಟಿದ ಶಿಶುಗಳನ್ನು ಹಿಂಬಾಲಿಸಿ ಅಳೆಯುತ್ತ ಬಂದ ಅಧ್ಯಯನವೊಂದು ಪ್ರಸಿದ್ಧವಾಗಿದೆ. ಆ ಶಿಶುಗಳು ಇಂಗ್ಲೆಂಡಿನ ಶಿಶುಗಳಿಗಿಂತ ತೂಕದಲ್ಲಿ, ಉದ್ದದಲ್ಲಿ, ತೋಳಿನ ಸುತ್ತಳತೆಯಲ್ಲಿ ಚಿಕ್ಕವು. ಆದರೆ ಹೆಗಲಮೂಳೆಯ ಕೆಳಗಿನ ಮಡಿಕೆಯಲ್ಲಿ ಮಾತ್ರ ಆ ಕೊರತೆ ಕಾಣಲಿಲ್ಲ. ನಾಲ್ಕನೆಯ ವರ್ಷದಲ್ಲಿಯೂ ಈ ಲಕ್ಷಣ ಉಳಿದಿತ್ತು. ಕೃಶವಾಗಿ ಕಾಣುವ ಮೈಯಲ್ಲಿ ಮಾಂಸಖಂಡ ಕಡಿಮೆ, ನಡುಮೈಯಲ್ಲಿ ಕೊಬ್ಬು ಹೆಚ್ಚು ಎಂದು ತಾತ್ಪರ್ಯ. ಲೋಹ್ಮನ್ ಸಮೀಕರಣದ ಮೂರು ತಾಣಗಳಲ್ಲಿ ಎರಡು ನಡುಮೈಯವೇ ಎಂಬುದನ್ನು ವಾಚಕರು ನೆನೆಯಬೇಕು. ಒಂದೇ ಎತ್ತರ ಒಂದೇ ತೂಕದ ಯೂರೋಪಿನವನಿಗಿಂತ ಭಾರತೀಯನಲ್ಲಿ ಕೊಬ್ಬಿನ ಪಾಲು ಹೆಚ್ಚೆಂಬ ವಿಷಯವನ್ನು 2004ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ತಜ್ಞರ ಸಮಿತಿಯೂ ಗಣನೆಗೆ ತೆಗೆದುಕೊಂಡಿತು. ಹಾಗೆಂದು ಸಮೀಕರಣವು ನಮ್ಮ ಹುಡುಗರ ಕೊಬ್ಬನ್ನು ಹೆಚ್ಚಾಗಿ ತೋರಿಸುತ್ತದೆಯೋ ಕಡಿಮೆಯಾಗಿ ತೋರಿಸುತ್ತದೆಯೋ ಎಂಬುದನ್ನು ಮೇಜಿನ ಮುಂದೆ ಕುಳಿತು ತೀರ್ಮಾನಿಸಲಾಗದು, ಅಳೆದೇ ತಿಳಿಯಬೇಕು. ಅಳೆಯುವ ಸಾಮಗ್ರಿ ಬೆಂಗಳೂರಿನಲ್ಲಿಯೇ ಇದೆ. ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಸಂಶೋಧಕರು ಭಾರತೀಯ ವಯಸ್ಕರಲ್ಲಿ ಚರ್ಮದ ಮಡಿಕೆಯ ವಿಧಾನವನ್ನು ನೀರಿನಲ್ಲಿ ತೂಗುವ ವಿಧಾನದೊಡನೆ ಹೋಲಿಸಿ 1998ರಲ್ಲಿಯೇ ಪ್ರಕಟಿಸಿದ್ದಾರೆ. ದೇಹದ ಪೊಟ್ಯಾಸಿಯಮ್ಮನ್ನು ಎಣಿಸಿ ಜೀವಕೋಶಗಳ ರಾಶಿಯನ್ನು ಅಳೆಯುವ ಯಂತ್ರವನ್ನೂ ಅಲ್ಲಿ ಕಟ್ಟಿದ್ದಾರೆ. ಹದಿನಾಲ್ಕರಿಂದ ಹತ್ತೊಂಬತ್ತರ ವಯಸ್ಸಿನ ನಮ್ಮ ಕುಸ್ತಿ ಹುಡುಗರ ಮೇಲೆ ಅಂಥದೇ ಹೋಲಿಕೆ ನಡೆಯಬೇಕು. ಸ್ನಾತಕೋತ್ತರ ವಿದ್ಯಾರ್ಥಿಗಳು ಪ್ರಬಂಧಕ್ಕೆ ವಿಷಯ ಹುಡುಕುತ್ತ ಅಲೆಯುವ ಕಾಲದಲ್ಲಿ ಇಷ್ಟು ಒಳ್ಳೆಯ ವಿಷಯ ಬಿದ್ದಿರುವುದು ಸೋಜಿಗವೇ.

ಆದರೆ ಸಮೀಕರಣವನ್ನು ಎಷ್ಟೇ ಸರಿಪಡಿಸಿದರೂ ಉಳಿಯುವ ಒಂದು ಆಕ್ಷೇಪಣೆ ಇದೆ. ನನ್ನ ಮುಖ್ಯವಾದ ಆಕ್ಷೇಪಣೆ ಅದೇ. ಮೊದಲಿನ ಹುಡುಗನ ಪಕ್ಕದಲ್ಲಿ ಎರಡನೆಯವನನ್ನು ನಿಲ್ಲಿಸೋಣ. ಅವನದೂ 52 ಕಿಲೋ. ಆದರೆ ಬಾಲ್ಯದಲ್ಲಿ ಹೊಟ್ಟೆಗೆ ಸಾಲದೆ ಬೆಳೆದವನಾದ್ದರಿಂದ ಮಾಂಸಖಂಡ ಕಡಿಮೆ, ಕೊಬ್ಬು ಶೇಕಡ 15. ಅವನ ಕೊಬ್ಬುರಹಿತ ಭಾಗ 44.2 ಕಿಲೋ, ಮೊದಲಿನವನಿಗಿಂತ ಸುಮಾರು ಎರಡೂವರೆ ಕಿಲೋ ಕಡಿಮೆ. ನಿಯಮದ ಪ್ರಕಾರ ಅವನ ಕನಿಷ್ಠ ತೂಕ 47.5. ಗಟ್ಟಿಮುಟ್ಟಾದ ಹುಡುಗನಿಗೆ ನಿಷೇಧಿಸಿದ 48 ಕಿಲೋ ವರ್ಗ ದುರ್ಬಲನಾದ ಇವನಿಗೆ ತೆರೆದಿದೆ. ವಾರಕ್ಕೆ ಶೇಕಡ ಒಂದೂವರೆಯಂತೆ ಇಳಿಯುತ್ತ ಆರನೆಯ ವಾರಕ್ಕೆ ಅವನು ಅಲ್ಲಿಗೆ ತಲಪಬಹುದು, ನಿಯಮದ ಒಂದು ಅಕ್ಷರವನ್ನೂ ಮೀರದೆ. ಕೊಬ್ಬಿನ ಲೆಕ್ಕಕ್ಕೆ ಇದು ಸರಿ. ಆದರೆ ಊಟ ಕಡಿಮೆಮಾಡಿ ಇಳಿಸಿದ ತೂಕವೆಲ್ಲ ಕೊಬ್ಬೇ ಆಗಿರುವುದಿಲ್ಲ; ಅದರಲ್ಲಿ ಮಾಂಸಖಂಡದ ಪಾಲೂ ಸೇರಿರುತ್ತದೆ. ಹದಿನಾರರ ಹುಡುಗನಿಗೆ ಆ ಆರು ವಾರಗಳು ಮೈ ಕೂಡುವ ವಾರಗಳು. ಅವನಿಗೆ ಬೇಕಾದುದು 48ಕ್ಕೆ ಇಳಿಯುವ ಅನುಮತಿಯಲ್ಲ, 55ಕ್ಕೆ ಏರುವ ಅನ್ನ. ಪ್ರಾಣ ಹೋಗದಂತೆ ತಡೆಯಲು ಹುಟ್ಟಿದ ಸಂಖ್ಯೆಯನ್ನು ಇಳಿಯಬೇಕಾದ ಗುರಿಯೆಂದು ಹುಡುಗನೂ ತರಬೇತುದಾರನೂ ಓದಿಕೊಳ್ಳುತ್ತಾರೆ, ಪ್ರಮಾಣಪತ್ರದಲ್ಲಿ 47.5 ಎಂದು ಬರೆದುಕೊಟ್ಟ ಮೇಲೆ 48ರಲ್ಲಿ ಆಡಿಸದ ತರಬೇತುದಾರನೇ ಮೂರ್ಖನೆನಿಸಿಕೊಳ್ಳುತ್ತಾನೆ.

ಅಮೆರಿಕದ ಹುಡುಗರ ಮೇಲೆ ನಡೆದು 1997ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಕುಸ್ತಿಯ ಋತುವಿನಲ್ಲಿ ಕೊಬ್ಬುರಹಿತ ದೇಹದ ಬೆಳವಣಿಗೆ ಕುಂಠಿತವಾಗಿ ಋತು ಮುಗಿದ ಮೇಲೆ ಮತ್ತೆ ಸರಿದೂಗಿತೆಂದು ಕಂಡುಬಂದಿತು. ಇದನ್ನು ಸಮಾಧಾನದ ಮಾತಾಗಿ ಉಲ್ಲೇಖಿಸುವವರಿದ್ದಾರೆ. ಸರಿದೂಗಲು ಋತು ಮುಗಿದ ಮೇಲೆ ತಟ್ಟೆ ತುಂಬಬೇಕಷ್ಟೆ. ಬೆಳಗಿನ ಹಾಲು ಡೈರಿಗೆ ಹೋಗಿ ಮನೆಯಲ್ಲಿ ಚಹಾಕ್ಕೆ ಮಾತ್ರ ಉಳಿಯುವ ಸಂಸಾರದಲ್ಲಿ, ಅಥವಾ ಎಣಿಸಿ ಬಡಿಸುವ ವಿದ್ಯಾರ್ಥಿನಿಲಯದಲ್ಲಿ, ಆ ಭರ್ತಿ ತಾನಾಗಿ ಆಗುತ್ತದೆಂದು ನಂಬಲು ಆಧಾರವಿಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ಕರ್ನಾಟಕದಲ್ಲಿ ಐದು ವರ್ಷದೊಳಗಿನ ಮಕ್ಕಳಲ್ಲಿ ಮೂರರಲ್ಲೊಂದಕ್ಕಿಂತ ಹೆಚ್ಚು ಮಂದಿ ವಯಸ್ಸಿಗೆ ತಕ್ಕ ಎತ್ತರವಿಲ್ಲದವರು. ಅದೇ ಸಮೀಕ್ಷೆಯಲ್ಲಿ ಹೆಂಗಸರ ಪೈಕಿ ಸುಮಾರು ಅರ್ಧದಷ್ಟು ಜನರಿಗೆ ರಕ್ತಹೀನತೆ. ಹುಡುಗಿಯರ ಕುಸ್ತಿ ನಮ್ಮಲ್ಲಿ ಬೆಳೆಯುತ್ತಿರುವುದು ಸಂತೋಷದ ವಿಷಯ. ಆದರೆ ಶೇಕಡ 12 ಕೊಬ್ಬಿನ ಎಲ್ಲೆಯೊಂದನ್ನೇ ನೋಡಿ ಹಿಮೋಗ್ಲೋಬಿನನ್ನೂ ಮುಟ್ಟಿನ ಕ್ರಮವನ್ನೂ ಕೇಳದೆ ಹುಡುಗಿಗೆ ತೂಕ ಗೊತ್ತುಮಾಡುವುದು ಅರ್ಧ ಪರೀಕ್ಷೆ.

ಮೇಲಿನ ಸ್ತರದಲ್ಲಿ ಈ ಅರ್ಧವೂ ಇಲ್ಲ. ವಿಶ್ವ ಒಕ್ಕೂಟದ ಸ್ಪರ್ಧೆಗಳಲ್ಲಿ ಕನಿಷ್ಠ ತೂಕದ ಪ್ರಮಾಣೀಕರಣವಿಲ್ಲ, ತಕ್ಕಡಿಯೊಂದೇ ಪ್ರಮಾಣ. ಹಿಂದೆ ತೂಕವನ್ನು ಸ್ಪರ್ಧೆಯ ಹಿಂದಿನ ಸಂಜೆ ನೋಡುತ್ತಿದ್ದರು. 2018ರಿಂದ ಸ್ಪರ್ಧೆಯ ದಿನ ಬೆಳಿಗ್ಗೆ, ಎರಡು ದಿನ ಆಡುವವರಿಗೆ ಎರಡು ಬೆಳಿಗ್ಗೆ. ಕುಡಿದು ಚೇತರಿಸಿಕೊಳ್ಳಲು ಹೊತ್ತಿಲ್ಲವೆಂದರೆ ಇಳಿಸುವುದನ್ನೇ ಬಿಡುತ್ತಾರೆಂಬುದು ಇದರ ಹಿಂದಿನ ತರ್ಕ. ಬಿಡದವರ ಗತಿಯನ್ನು 2024ರ ಆಗಸ್ಟಿನಲ್ಲಿ ದೇಶವೆಲ್ಲ ಕಂಡಿತು. ವಿನೇಶ್ ಫೋಗಟ್ ಅವರು ಪ್ಯಾರಿಸ್ಸಿನಲ್ಲಿ ಮೊದಲ ಬೆಳಿಗ್ಗೆ 49.9 ಕಿಲೋ ತೂಗಿ 50ರ ವರ್ಗದಲ್ಲಿ ಮೂರು ಪಂದ್ಯಗಳನ್ನು ಗೆದ್ದರು; ಆಗಸ್ಟ್ 7ರ ಬೆಳಿಗ್ಗೆ ಫೈನಲಿಗೆ ಮುನ್ನ 100 ಗ್ರಾಂ ಹೆಚ್ಚಾಗಿ ಅನರ್ಹರಾದರು; ಅವರ ಮೇಲ್ಮನವಿಯನ್ನು ಕ್ರೀಡಾ ನ್ಯಾಯಮಂಡಲಿ ಆಗಸ್ಟ್ 14ರಂದು ತಳ್ಳಿಹಾಕಿತು. ಅಂದಿನ ಚರ್ಚೆಯೆಲ್ಲ ಆ ನೂರು ಗ್ರಾಮಿನ ಸುತ್ತ ನಡೆಯಿತು. ಅವರು ಅದಕ್ಕೆ ಮೊದಲು 53 ಕಿಲೋ ವರ್ಗದಲ್ಲಿ ಆಡುತ್ತಿದ್ದವರೆಂಬುದೂ, ಮಹಿಳೆಯರಿಗೆ ವಿಶ್ವಸ್ಪರ್ಧೆಯಲ್ಲಿ ಹತ್ತು ವರ್ಗಗಳಿದ್ದರೆ ಒಲಿಂಪಿಕ್ಸಿನಲ್ಲಿ ಆರೇ ಎಂಬುದೂ ಅಷ್ಟಾಗಿ ಕೇಳಿಬರಲಿಲ್ಲ. ಋತುವಿನ ಆರಂಭದಲ್ಲಿ ನೀರು ತುಂಬಿದ ದೇಹವನ್ನು ಅಳೆದು ಈ ಪಟುವಿಗೆ ಈ ವರ್ಗ ಕೂಡದೆಂದು ಹೇಳುವ ನಿಯಮವಿದ್ದಿದ್ದರೆ, ಪ್ರಶ್ನೆ ಪ್ಯಾರಿಸ್ಸಿನ ತಕ್ಕಡಿಯವರೆಗೆ ಹೋಗುತ್ತಲೇ ಇರಲಿಲ್ಲ. ಈ ಕಾರಣದಿಂದಲೇ, ಎಷ್ಟು ಆಕ್ಷೇಪಣೆಗಳಿದ್ದರೂ, ಪದ್ಧತಿಯನ್ನು ತಿರಸ್ಕರಿಸತಕ್ಕದ್ದಲ್ಲವೆಂದು ನನ್ನ ಅಭಿಪ್ರಾಯ.

ನಮ್ಮ ತಾಲ್ಲೂಕಿನ ಕಾಲೇಜುಗಳಿಗೆ ಅದನ್ನು ತರುವುದಾದರೆ ಕೆಲವು ತಿದ್ದುಪಡಿಗಳೊಡನೆ ತರಬೇಕು. ಹದಿನೆಂಟರೊಳಗಿನವರಿಗೆ ಕೊಬ್ಬಿನ ಶೇಕಡವಾರು ಏನೇ ಹೇಳಲಿ, ಜೂನ್ ತಿಂಗಳಲ್ಲಿ ಹೊಟ್ಟೆ ತುಂಬಿ ನೀರು ಕುಡಿದು ತೂಗಿದ ತೂಕಕ್ಕಿಂತ ಕೆಳಗಿನ ವರ್ಗಕ್ಕೆ ಆ ವರ್ಷ ಇಳಿಯುವಂತಿಲ್ಲವೆಂದು ಇಟ್ಟುಕೊಳ್ಳಬಹುದು. ಕೊಬ್ಬು ನಿಜವಾಗಿ ಅಧಿಕವಾಗಿರುವ ಹುಡುಗನ ವಿಷಯದಲ್ಲಿ ವೈದ್ಯರು ಬರೆದುಕೊಟ್ಟರೆ ಮಾತ್ರ ಅಪವಾದ. ತಿಂಗಳಿಗೊಮ್ಮೆ ಎತ್ತರವನ್ನೂ ತೂಕವನ್ನೂ ಬರೆದಿಡಬೇಕು. ಎತ್ತರ ಏರುತ್ತ ತೂಕ ನಿಂತಿದ್ದರೆ ಅದಕ್ಕಿಂತ ಸ್ಪಷ್ಟವಾದ ಎಚ್ಚರಿಕೆಯನ್ನು ಯಾವ ಕ್ಯಾಲಿಪರೂ ಕೊಡಲಾರದು. ಮೂತ್ರದ ಸಾಂದ್ರತೆ ನೋಡುವ ಕೈ ಉಪಕರಣ ಅಂಗೈಯಗಲದ್ದು, ಒಂದು ಹನಿ ಸಾಕು, ಕಲಿಯಲು ಒಂದು ಗಂಟೆ ಬೇಕಾಗದು. ಕ್ಯಾಲಿಪರ್ ಹಿಡಿಯುವುದು ಹಾಗಲ್ಲ. ಚದರ ಮಿಲಿಮೀಟರಿಗೆ 10 ಗ್ರಾಂ ಒತ್ತಡ ತಪ್ಪದ ಉಪಕರಣವೂ, ನೂರಾರು ಸಲ ಹಿಡಿದು ಪಳಗಿದ ಬೆರಳೂ ಬೇಕು. ತಾಲ್ಲೂಕಿಗೊಬ್ಬರು ಹಾಗೆ ಪಳಗಿದವರಿದ್ದರೆ ಸಾಕು, ಆದರೆ ಅವರು ಆ ಹುಡುಗರನ್ನು ಪಂದ್ಯಕ್ಕೆ ತಯಾರುಮಾಡುವ ತರಬೇತುದಾರರಾಗಿರಕೂಡದು.